ಅಥೇನಾ ದೇವಿಗೊಂದು ಹೊಸ ವಸ್ತ್ರ

ಅಥೆನ್ಸ್ ನಗರದ ನಡುವೆ ಬಿಳಿ ಅಮೃತಶಿಲೆಯ ಕ್ರೀಡಾಂಗಣವೊಂದಿದೆ. ಊರಿನವರು ಅದನ್ನು ಕಲ್ಲಿಮಾರ್ಮರೊ ಎನ್ನುತ್ತಾರೆ. ಚೆಂದದ ಅಮೃತಶಿಲೆಯದು ಎಂದು ಅದರ ಅರ್ಥ. 1896ರಲ್ಲಿ ಆಧುನಿಕ ಒಲಿಂಪಿಕ್ಸ್ ಶುರುವಾದದ್ದು ಅಲ್ಲಿ. 2004ರಲ್ಲಿ ಒಲಿಂಪಿಕ್ಸ್ ಮತ್ತೆ ಅಥೆನ್ಸಿಗೆ ಬಂದಾಗ ಮ್ಯಾರಥಾನ್ ಓಟಗಾರರು ಗುರಿ ಮುಟ್ಟಿದ್ದೂ ಅಲ್ಲೇ. ಆದರೆ ಅದರ ಅಧಿಕೃತ ಹೆಸರಿನಲ್ಲಿ ಒಲಿಂಪಿಕ್ಸಿನ ಸುಳಿವೇ ಇಲ್ಲ. ಅದು ‘ಪನಥೇನಾಯ ಕ್ರೀಡಾಂಗಣ’. ಕ್ರಿ.ಪೂ. 330ರ ಸುಮಾರಿಗೆ ಲೈಕರ್ಗಸ್ ಎಂಬ ರಾಜಕಾರಣಿ ಅದನ್ನು ಕಟ್ಟಿಸಿದ್ದು ಅಥೇನಾ ದೇವಿಯ ಹಬ್ಬದ ಆಟಗಳಿಗೆಂದು. ಕ್ರಿ.ಶ. 2ನೇ ಶತಮಾನದಲ್ಲಿ ಹೆರೋಡೆಸ್ ಅಟಿಕಸ್ ಎಂಬ ಸಿರಿವಂತ ಅದಕ್ಕೆ ಅಮೃತಶಿಲೆಯ ಮೆಟ್ಟಿಲು ಹಾಸಿಸಿದ.

ಆಟಗಳು ಮರಳಿ ಬಂದಿವೆ, ಅಂಗಣ ಮರಳಿ ಎದ್ದಿದೆ, ಹೆಸರೂ ಉಳಿದಿದೆ. ಆದರೆ ಇವೆಲ್ಲ ಯಾವ ದೇವಿಯ ಸಲುವಾಗಿ ಇದ್ದವೋ ಆಕೆಯ ಪೂಜೆಯನ್ನು ಮರಳಿ ತರಲು ಹೊರಟವರಿಗೆ ಗ್ರೀಸಿನಲ್ಲಿ ದಾರಿ ಸುಲಭವಾಗಿಲ್ಲ.

ಪನಥೇನಾಯ ಎಂದರೆ ಸಮಸ್ತ ಅಥೆನ್ಸಿಗರ ಹಬ್ಬ. ಅದು ಅಥೇನಾಳ ಜನ್ಮದಿನ ಎಂದು ನಂಬಿಕೆ. ಅಥೆನ್ಸಿನ ಹಳೆಯ ಪಂಚಾಂಗದಲ್ಲಿ ವರ್ಷದ ಮೊದಲ ತಿಂಗಳು ಹೆಕಟೊಂಬೈಯನ್. ಅದರ 28ನೆಯ ದಿನ ಈ ಹಬ್ಬ. ಆ ಪಂಚಾಂಗದ ಲೆಕ್ಕ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಅಮಾವಾಸ್ಯೆ ಕಳೆದು ಎಳೆಚಂದ್ರ ಕಂಡಾಗ ತಿಂಗಳು ಹುಟ್ಟುತ್ತಿತ್ತು. ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕಿಂತ ಹಿಂದೆ ಬಿದ್ದಾಗ ಅಧಿಕಮಾಸ ಸೇರಿಸುತ್ತಿದ್ದರು. ಜೂನ್ 21ರ ಆಸುಪಾಸಿನ ದೀರ್ಘ ಹಗಲು ಮುಗಿದ ಮೇಲೆ ಬರುವ ಮೊದಲ ಎಳೆಚಂದ್ರನಿಂದ ಹೊಸ ವರ್ಷ. ಆದ್ದರಿಂದ ಅಥೇನಾಳ ಹುಟ್ಟುಹಬ್ಬ ಸಾಮಾನ್ಯವಾಗಿ ನಮ್ಮ ಆಷಾಢ ಬಹುಳದ ಕೊನೆಯ ದಿನಗಳಿಗೆ ಹತ್ತಿರವಾಗಿ ಬೀಳುತ್ತದೆ. ಅಥೆನ್ಸಿಗರಿಗೆ ದಿನ ಆರಂಭವಾಗುತ್ತಿದ್ದದ್ದು ಸೂರ್ಯಾಸ್ತದಿಂದ. ಹಾಗಾಗಿ ಹಬ್ಬದ ಮೊದಲ ಅಂಗ ಜಾಗರಣೆ. ಹುಡುಗ ಹುಡುಗಿಯರ ಹಾಡು, ಕುಣಿತ, ಊರ ಹೊರಗಿನ ಅಕಾಡೆಮಿಯ ತೋಪಿನಿಂದ ಬೆಂಕಿ ಆರದಂತೆ ಹೊತ್ತು ತರುವ ಪಂಜಿನ ಓಟ. ಬೆಳಕು ಹರಿದ ಮೇಲೆ ಮೆರವಣಿಗೆ.

ಹಬ್ಬ ಪ್ರತಿ ವರ್ಷ ನಡೆಯುತ್ತಿತ್ತು. ನಾಲ್ಕು ವರ್ಷಕ್ಕೊಮ್ಮೆ ದೊಡ್ಡದಾಗಿ. ಈ ದೊಡ್ಡ ಹಬ್ಬದ ವ್ಯವಸ್ಥೆ ರೂಪುಗೊಂಡದ್ದು ಕ್ರಿ.ಪೂ. 566ರಲ್ಲಿ. ಓಟ, ಕುಸ್ತಿ, ರಥದ ಪಂದ್ಯಗಳ ಜೊತೆಗೆ ಹೋಮರನ ಕಾವ್ಯವಾಚನದ ಸ್ಪರ್ಧೆಯೂ ಇತ್ತು. ಗೆದ್ದವರಿಗೆ ಬಹುಮಾನ ಅಥೇನಾಳ ಪವಿತ್ರ ಆಲಿವ್ ಮರಗಳ ಎಣ್ಣೆ. ಒಂದೊಂದು ಕೊಡದಲ್ಲಿ ಸುಮಾರು 38 ಲೀಟರ್. ಬಾಲಕರ ಓಟದಲ್ಲಿ ಮೊದಲು ಬಂದವನಿಗೆ 50 ಕೊಡ ಎಣ್ಣೆ ಎಂದು ಒಂದು ಶಾಸನ ಹೇಳುತ್ತದೆ. ಕೊಡದ ಒಂದು ಮಗ್ಗುಲಲ್ಲಿ ಈಟಿ ಎತ್ತಿ ನಿಂತ ಅಥೇನಾಳ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಗೆದ್ದ ಆಟದ ಚಿತ್ರ. ಅಂಥ ಕೊಡಗಳು ಇಂದು ಜಗತ್ತಿನ ಹತ್ತಾರು ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುತ್ತವೆ.

ಆದರೆ ಹಬ್ಬದ ಜೀವ ಇದ್ದದ್ದು ಎಣ್ಣೆಯಲ್ಲೂ ಅಲ್ಲ, ಓಟದಲ್ಲೂ ಅಲ್ಲ. ಅದು ಒಂದು ಬಟ್ಟೆಯಲ್ಲಿತ್ತು.

ಆಕ್ರೊಪೊಲಿಸ್ ಗುಡ್ಡದ ಮೇಲೆ ಆಲಿವ್ ಮರದಲ್ಲಿ ಮಾಡಿದ ಅಥೇನಾಳ ಹಳೆಯ ಮೂರ್ತಿಯೊಂದಿತ್ತು. ಆಕಾಶದಿಂದ ಬಿದ್ದದ್ದು ಎಂದೇ ಜನ ನಂಬಿದ್ದರು. ಅದೇ ಗುಡ್ಡದ ಪಾರ್ಥೆನಾನ್ ದೇವಾಲಯದೊಳಗೆ ಶಿಲ್ಪಿ ಫೀಡಿಯಸ್ ಚಿನ್ನ ಮತ್ತು ದಂತದಲ್ಲಿ ಮಾಡಿದ ಬೃಹತ್ ಮೂರ್ತಿ ಎಷ್ಟೇ ಪ್ರಸಿದ್ಧವಾಗಿರಲಿ, ಪೂಜೆಗೊಳ್ಳುವ ದೇವಿ ಈ ಮರದ ಮೂರ್ತಿಯೇ. ಹಬ್ಬಕ್ಕೆ ಅವಳಿಗೆ ಹೊಸ ವಸ್ತ್ರ ಉಡಿಸಬೇಕು. ಆ ವಸ್ತ್ರದ ಹೆಸರು ಪೆಪ್ಲೋಸ್. ಉಣ್ಣೆಯದು, ಕೇಸರಿ ಬಣ್ಣದ್ದು. ಅಥೇನಾ ಮತ್ತು ಅವಳ ತಂದೆ ಸ್ಯೂಸ್ ರಾಕ್ಷಸರೊಡನೆ ಕಾದ ಕಥೆಯನ್ನು ಅದರಲ್ಲಿ ನೆಯ್ಗೆಯಲ್ಲೇ ಮೂಡಿಸುತ್ತಿದ್ದರು. ಹಬ್ಬಕ್ಕೆ ಸುಮಾರು ಒಂಬತ್ತು ತಿಂಗಳ ಮೊದಲು, ಕಮ್ಮಾರರ ಹಾಗೂ ಕುಶಲಕರ್ಮಿಗಳ ಹಬ್ಬವಾದ ಖಾಲ್ಕೇಯದ ದಿನ ಮಗ್ಗಕ್ಕೆ ಹಾಸುನೂಲು ಏರುತ್ತಿತ್ತು. ಮೊದಲು ಕೈಹಚ್ಚುತ್ತಿದ್ದವರಲ್ಲಿ ಏಳರಿಂದ ಹನ್ನೊಂದು ವರ್ಷದೊಳಗಿನ ಪುಟ್ಟ ಹುಡುಗಿಯರಿದ್ದರು. ಅವರನ್ನು ಒಳ್ಳೆಯ ಮನೆತನಗಳಿಂದ ಆರಿಸಿ ಗುಡ್ಡದ ಮೇಲೆಯೇ ಇರಿಸಿಕೊಳ್ಳುತ್ತಿದ್ದರು. ಅವರ ಜೊತೆ ನೆಯ್ಗೆಯನ್ನು ನಡೆಸಿಕೊಂಡು ಹೋಗಲು ಎರ್ಗಸ್ಟಿನೈ ಎಂಬ ಯುವತಿಯರ ಗುಂಪು.

ಗ್ರೀಕರ ಮಗ್ಗ ನೆಟ್ಟಗೆ ನಿಲ್ಲುವಂಥದು. ಹಾಸುನೂಲುಗಳ ತುದಿಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಡುತ್ತಾರೆ. ನೆಯ್ಗೆ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ನೆಯ್ಯುವವಳು ನಿಂತೇ ನೆಯ್ಯಬೇಕು, ಹೊಕ್ಕನ್ನು ಮೇಲಕ್ಕೆ ಬಡಿದು ಕೂರಿಸಬೇಕು. ಅದರಲ್ಲಿ ರಾಕ್ಷಸರ ಯುದ್ಧವನ್ನು ಬಿಡಿಸುವುದು ತಿಂಗಳುಗಟ್ಟಲೆಯ ಕೆಲಸ. ಅಥೇನಾ ಯುದ್ಧದ ದೇವಿ ಮಾತ್ರವಲ್ಲ, ನೆಯ್ಗೆಯ ದೇವಿಯೂ ಹೌದು. ಹೆಣ್ಣುಮಕ್ಕಳಿಗೆ ರಾಜಕೀಯದಲ್ಲಿ ಯಾವ ದನಿಯೂ ಇಲ್ಲದಿದ್ದ ಆ ಊರಿನಲ್ಲಿ, ಊರಿನ ಅತಿ ದೊಡ್ಡ ಹಬ್ಬದ ಕೇಂದ್ರವಸ್ತು ಹೆಣ್ಣುಮಕ್ಕಳ ಕೈಯಿಂದ ಬರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಮಹಾ ಪನಥೇನಾಯದಲ್ಲಿ ಈ ವಸ್ತ್ರವನ್ನು ಗಾಲಿಗಳ ಮೇಲಿನ ಹಡಗೊಂದರ ಕೂವೆಮರಕ್ಕೆ ಹಾಯಿಯಂತೆ ಕಟ್ಟಿ ಎಳೆಯುತ್ತಿದ್ದರು. ಅದು ಅವರ ತೇರು. ಕುಂಬಾರರ ಕೇರಿಯಾದ ಕೆರಮೈಕೋಸ್‌ನ ಹೆಬ್ಬಾಗಿಲಿನಿಂದ ಹೊರಟು, ಅಗೋರಾ ಎಂಬ ಪೇಟೆಬಯಲನ್ನು ದಾಟಿ, ಗುಡ್ಡದ ಬುಡಕ್ಕೆ. ಅಲ್ಲಿಂದ ಬಟ್ಟೆಯನ್ನು ಇಳಿಸಿ ಕೈಯಲ್ಲಿ ಹೊತ್ತೊಯ್ಯಬೇಕು. ಮುಂದೆ ಬುಟ್ಟಿ ಹೊತ್ತ ಕನ್ಯೆಯರು. ಹಿಂದೆ ಬಲಿಯ ಹಸುಗಳು, ಆಲಿವ್ ರೆಂಬೆ ಹಿಡಿದ ಮುದುಕರು, ಕುದುರೆ ಸವಾರರು. ಪರ ಊರುಗಳಿಂದ ಬಂದು ನೆಲೆಸಿದವರಿಗೂ ಜಾಗವಿತ್ತು: ಅವರು ನೇರಳೆ ಅಂಗಿ ತೊಟ್ಟು ಜೇನುಹುಟ್ಟು, ಕಜ್ಜಾಯ ತುಂಬಿದ ತಟ್ಟೆಗಳನ್ನು ಹೊರುತ್ತಿದ್ದರು. ಬಲಿಯ ಮಾಂಸ ಊರಿಗೆಲ್ಲ ಹಂಚಿಕೆ.

ಈ ಮೆರವಣಿಗೆಯಲ್ಲಿ ಒಬ್ಬರಿಗೆ ಜಾಗ ತಪ್ಪಿದರೆ ಏನಾಗುತ್ತಿತ್ತು ಎಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆಯಿದೆ. ತನ್ನ ತಂಗಿಯನ್ನು ಬುಟ್ಟಿ ಹೊರಲು ಕರೆದು ಆಮೇಲೆ ಯೋಗ್ಯಳಲ್ಲವೆಂದು ಕಳಿಸಿದ ಅವಮಾನಕ್ಕೆ ಹಾರ್ಮೋಡಿಯಸ್ ಎಂಬ ಯುವಕ ಗೆಳೆಯನೊಡನೆ ಸೇರಿ ಆಳರಸನ ತಮ್ಮ ಹಿಪ್ಪಾರ್ಕಸ್‌ನನ್ನು ಕ್ರಿ.ಪೂ. 514ರ ಪನಥೇನಾಯದ ದಿನವೇ ಕೊಂದ. ಬಟ್ಟೆಯ ಗೌರವಕ್ಕೂ ಒಂದು ಕಥೆಯಿದೆ. ಕ್ರಿ.ಪೂ. 4ನೇ ಶತಮಾನದ ಕೊನೆಗೆ ಡಿಮೆಟ್ರಿಯಸ್ ಎಂಬ ಸೇನಾನಿಯನ್ನು ಮೆಚ್ಚಿಸಲು ಅಥೆನ್ಸಿಗರು ಅವನ ಮತ್ತು ಅವನ ತಂದೆಯ ರೂಪಗಳನ್ನು ದೇವರ ಪಕ್ಕದಲ್ಲಿ ಪೆಪ್ಲೋಸ್ ಮೇಲೆ ನೆಯ್ಯಿಸಲು ನಿರ್ಣಯ ಮಾಡಿದರು. ಮೆರವಣಿಗೆ ಕೆರಮೈಕೋಸ್ ದಾಟುವಾಗ ಬಿರುಗಾಳಿ ಎದ್ದು ಬಟ್ಟೆ ಸೀಳಿಹೋಯಿತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ದೇವಿಗೆ ಇದು ಒಪ್ಪಿಗೆಯಾಗಲಿಲ್ಲ ಎಂದು ಜನ ತಿಳಿದರು.

ಬಿ.ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ಓದಿದ ಕನ್ನಡಿಗರಿಗೆ ಸಲಾಮಿಸ್ ಯುದ್ಧದ ಪರಿಚಯವಿದೆ. ಅದು ನಡೆದ ಕ್ರಿ.ಪೂ. 480ರಲ್ಲೇ ಪರ್ಷಿಯನ್ನರು ಆಕ್ರೊಪೊಲಿಸ್ ಸುಟ್ಟಿದ್ದರು. ಊರು ಮತ್ತೆ ಕಟ್ಟಿಕೊಂಡಿತು, ಹಬ್ಬ ನಿಲ್ಲಲಿಲ್ಲ. ಅದು ನಿಂತದ್ದು ಪರದೇಶದ ಸೈನ್ಯದಿಂದಲ್ಲ, ಸಾಮ್ರಾಜ್ಯದ ಕಾನೂನಿನಿಂದ. 391 ಮತ್ತು 392ರಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಬಲಿಯನ್ನೂ ದೇವಾಲಯ ಪೂಜೆಯನ್ನೂ ನಿಷೇಧಿಸಿದ. ಆ ಹೊತ್ತಿನ ಆಸುಪಾಸಿನದೆಂದು ವಿದ್ವಾಂಸರು ಹೇಳುವ ಒಂದು ಅಥೆನ್ಸ್ ಶಾಸನದಲ್ಲಿ ಪ್ಲುಟಾರ್ಕ್ ಎಂಬ ಹೆಸರಿನ ಇನ್ನೊಬ್ಬನ ಪ್ರಸ್ತಾಪವಿದೆ. ಅವನು ತನ್ನ ಸಂಪತ್ತನ್ನೆಲ್ಲ ಸುರಿದು ಪವಿತ್ರ ಹಡಗನ್ನು ಮೂರು ಸಲ ಅಥೇನಾಳ ಗುಡಿಯತ್ತ ಎಳೆಸಿದನಂತೆ. ಊರು ಮಾಡಬೇಕಾದ ಕೆಲಸವನ್ನು ಒಬ್ಬನೇ ಹೊತ್ತುಕೊಂಡ ಆ ಮನುಷ್ಯನ ಬಗ್ಗೆ ಹೆಚ್ಚೇನೂ ತಿಳಿಯದು. ಆದರೂ ಈ ಇಡೀ ಕಥೆಯಲ್ಲಿ ಮನಸ್ಸನ್ನು ಅಲುಗಿಸುವವರಲ್ಲಿ ಅವನೂ ಒಬ್ಬ.

ಅಂಥ ಇನ್ನೊಬ್ಬನೆಂದರೆ ತತ್ತ್ವಜ್ಞಾನಿ ಪ್ರೋಕ್ಲಸ್. 485ರಲ್ಲಿ ತೀರಿಕೊಂಡ. ಅವನ ಶಿಷ್ಯ ಮರೀನಸ್ ಬರೆದ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಪಾರ್ಥೆನಾನ್‌ನಿಂದ ಅಥೇನಾಳ ಮೂರ್ತಿಯನ್ನು ತೆಗೆದ ಮೇಲೆ ಪ್ರೋಕ್ಲಸ್‌ನ ಕನಸಿನಲ್ಲಿ ಚೆಲುವಾದ ಹೆಂಗಸೊಬ್ಬಳು ಬಂದು, ಮನೆಯನ್ನು ಬೇಗ ಸಿದ್ಧಮಾಡು, ಅಥೆನ್ಸಿನ ಒಡತಿ ನಿನ್ನ ಮನೆಯಲ್ಲಿ ಇರಲು ಬಯಸಿದ್ದಾಳೆ ಎಂದಳು. ಗುಡಿಯಿಂದ ಹೊರಬಿದ್ದ ದೇವಿ ಮನೆಗೆ ಬರುವ ಈ ಕನಸಿನಲ್ಲಿ ಮುಂದಿನ ಹದಿನೈದು ಶತಮಾನಗಳ ಕಥೆಯೇ ಅಡಗಿದೆ. ಪಾರ್ಥೆನಾನ್ ಮೊದಲು ಮೇರಿಯ ಚರ್ಚಾಯಿತು, ಆಮೇಲೆ ಮಸೀದಿಯಾಯಿತು. 1687ರಲ್ಲಿ ವೆನಿಸ್ ಸೈನ್ಯದ ಫಿರಂಗಿಗೆ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಉರುಳಿತು.

ನಡುವೆ ಪ್ರಯತ್ನಗಳು ಇರಲಿಲ್ಲವೆಂದಲ್ಲ. 15ನೇ ಶತಮಾನದಲ್ಲಿ ಮಿಸ್ಟ್ರಾಸ್ ಪಟ್ಟಣದ ಪ್ಲೀಥನ್ ಎಂಬ ವಿದ್ವಾಂಸ ಹಳೆಯ ದೇವರುಗಳಿಗೆ ಸ್ತೋತ್ರ, ಪಂಚಾಂಗ ಎಲ್ಲ ಒಳಗೊಂಡ ‘ಕಾನೂನುಗಳು’ ಎಂಬ ಗ್ರಂಥ ಬರೆದ. ಅವನು ತೀರಿಕೊಂಡ ಮೇಲೆ ಕ್ರೈಸ್ತ ಧರ್ಮಾಧ್ಯಕ್ಷ ಗೆನ್ನಾಡಿಯಸ್ ಅದನ್ನು ಸುಡಿಸಿದ. 1927ರಲ್ಲಿ ಕವಿ ಸಿಕೆಲಿಯಾನೋಸ್ ಮತ್ತು ಅವರ ಅಮೆರಿಕನ್ ಪತ್ನಿ ಇವಾ ಪಾಮರ್ ಡೆಲ್ಫಿಯಲ್ಲಿ ಹಳೆಯ ಮಾದರಿಯ ಉತ್ಸವ ನಡೆಸಿದರು. ‘ಪ್ರಮೀಥಿಯಸ್’ ನಾಟಕದ ಉಡುಪುಗಳಿಗೆ ಇವಾ ಕೈಮಗ್ಗದಲ್ಲಿ ತಾವೇ ಬಟ್ಟೆ ನೇಯ್ದರು. ಅದು ಪೂಜೆಯಲ್ಲ, ಕಲೆ. ಆದರೆ ಹಳೆಯ ಹಬ್ಬವನ್ನು ಮುಟ್ಟಬೇಕಾದರೆ ಮೊದಲು ನೂಲನ್ನು ಮುಟ್ಟಬೇಕು ಎಂಬುದನ್ನು ಆಕೆ ಕಂಡುಕೊಂಡಿದ್ದರು.

ಭಕ್ತಿಯಿಂದಲೇ ಹಬ್ಬ ಮಾಡುವ ಸಂಘಟನೆಗಳು ಗ್ರೀಸಿನಲ್ಲಿ ಬಹಿರಂಗವಾಗಿ ಗಟ್ಟಿಯಾದದ್ದು 1990ರ ದಶಕದಲ್ಲಿ. ಒಲಿಂಪಸ್ ಬೆಟ್ಟದ ಬುಡದ ಲಿಟೊಖೊರೊ ಊರಿನಲ್ಲಿ ಪ್ರಮೀಥಿಯಸ್ ಹೆಸರಿನ ವಾರ್ಷಿಕ ಸಮಾವೇಶ ಆಗಲೇ ಆರಂಭವಾಯಿತು. 1997ರಲ್ಲಿ ‘ಎಥ್ನಿಕ್ ಹೆಲೆನರ ಪರಮೋಚ್ಚ ಮಂಡಳಿ’ ಹುಟ್ಟಿತು. ಇವರನ್ನು ಹೊರಗಿನವರು ‘ಹನ್ನೆರಡು ದೇವರವರು’ ಎಂದು ಕರೆಯುವುದುಂಟು. ಅವರು ತಮ್ಮನ್ನು ಹೆಲೆನರು ಎಂದೇ ಕರೆದುಕೊಳ್ಳುತ್ತಾರೆ.

ಗ್ರೀಸ್ ಸಂವಿಧಾನದ 3ನೇ ವಿಧಿ ಪೂರ್ವ ಆರ್ಥೊಡಾಕ್ಸ್ ಕ್ರೈಸ್ತ ಧರ್ಮವನ್ನು ದೇಶದ ಪ್ರಧಾನ ಧರ್ಮ ಎನ್ನುತ್ತದೆ. 13ನೇ ವಿಧಿ ‘ತಿಳಿದ ಧರ್ಮ’ಗಳಿಗೆ ಪೂಜಾ ಸ್ವಾತಂತ್ರ್ಯ ಕೊಡುತ್ತದೆ. ಗಂಟು ಇರುವುದು ಈ ‘ತಿಳಿದ’ ಎಂಬ ಪದದಲ್ಲಿ. ಪಠ್ಯಪುಸ್ತಕದಲ್ಲಿ ಪ್ರತಿ ಮಗುವೂ ಓದುವ ಅಥೇನಾ ಕಾನೂನಿನ ಕಣ್ಣಿಗೆ ತಿಳಿದವಳಾಗಿರಲಿಲ್ಲ. 2006ರಲ್ಲಿ ಅಥೆನ್ಸ್ ನ್ಯಾಯಾಲಯ ‘ಎಲ್ಲಿನಾಯ್ಸ್’ ಎಂಬ ಸಂಘಕ್ಕೆ ಮಾನ್ಯತೆ ಕೊಟ್ಟಿತು. 2007ರ ಜನವರಿಯಲ್ಲಿ ಆ ಸಂಘದವರು ಅಥೆನ್ಸಿನ ಒಲಿಂಪಿಯನ್ ಸ್ಯೂಸ್ ದೇವಾಲಯದ ಕಂಬಗಳ ಬಳಿ ಪ್ರಾರ್ಥನೆ ನಡೆಸಿದರು. ಸಂಸ್ಕೃತಿ ಸಚಿವಾಲಯ ಅನುಮತಿ ಕೊಟ್ಟಿರಲಿಲ್ಲ. 2008ರ ಆಗಸ್ಟ್‌ನಲ್ಲಿ ಆಕ್ರೊಪೊಲಿಸ್ ಮೇಲೆಯೇ ಅಥೇನಾಳನ್ನು ಪ್ರಾರ್ಥಿಸಿದರು. ಶಿಲ್ಪಗಳನ್ನು ಗುಡ್ಡದಿಂದಿಳಿಸಿ ಹೊಸ ವಸ್ತುಸಂಗ್ರಹಾಲಯಕ್ಕೆ ಒಯ್ಯುವುದನ್ನು ವಿರೋಧಿಸಿ. 2017ರಲ್ಲಿ ಸರ್ಕಾರ ಎಥ್ನಿಕ್ ಹೆಲೆನರ ಮಂಡಳಿಗೆ ಅಥೆನ್ಸಿನಲ್ಲಿ ಪೂಜಾಸ್ಥಳ ನಡೆಸಲು ಪರವಾನಗಿ ಕೊಟ್ಟಿತು. ಹಾಗೆ ಅದು ‘ತಿಳಿದ ಧರ್ಮ’ವಾಯಿತು.

ಕಾನೂನು ಒಪ್ಪಿದರೆ ಹಬ್ಬ ಎದ್ದು ಬರುವುದೇ? ಕಷ್ಟದ ಪ್ರಶ್ನೆಗಳು ಶುರುವಾಗುವುದು ಅಲ್ಲಿಂದಲೇ.

ಮರದ ಮೂರ್ತಿ ಎಂದೋ ಕಳೆದುಹೋಗಿದೆ. ಪೆಪ್ಲೋಸ್‌ನ ಒಂದು ನೂಲೂ ಉಳಿದಿಲ್ಲ. ಪಾರ್ಥೆನಾನ್‌ನ 160 ಮೀಟರ್ ಉದ್ದದ ಶಿಲ್ಪಪಟ್ಟಿಕೆಯಲ್ಲಿ ಮೆರವಣಿಗೆಯ ಚಿತ್ರಣವಿದೆ ನಿಜ. ಅದರ ಸುಮಾರು 75 ಮೀಟರ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಬ್ಬ ಹಿರಿಯನೂ ಒಂದು ಮಗುವೂ ಸೇರಿ ಬಟ್ಟೆ ಮಡಿಸುತ್ತಿರುವ ನಡುಭಾಗದ ಫಲಕವೂ ಅಲ್ಲಿಯೇ. ಹೆಚ್ಚಿನ ವಿದ್ವಾಂಸರಿಗೆ ಅದು ಪೆಪ್ಲೋಸ್. ಅಮೆರಿಕದ ಪುರಾತತ್ತ್ವಜ್ಞೆ ಜೋನ್ ಬ್ರೆಟನ್ ಕಾನೆಲಿ ಬೇರೆಯದೇ ವಾದ ಮುಂದಿಟ್ಟಿದ್ದಾರೆ: ಅದು ಊರಿನ ಉಳಿವಿಗಾಗಿ ಬಲಿಯಾಗಲಿರುವ ಅರಸುಮಗಳ ಕಥೆ ಎಂದು. ಮಡಿಸುತ್ತಿದ್ದಾರೋ ಬಿಚ್ಚುತ್ತಿದ್ದಾರೋ, ಮಗು ಗಂಡೋ ಹೆಣ್ಣೋ ಎಂಬುದೂ ಚರ್ಚೆಯ ವಿಷಯ. ಇಷ್ಟು ಅನಿಶ್ಚಿತ ಆಧಾರದ ಮೇಲೆ ಇಂದಿನ ಭಕ್ತರು ಹಬ್ಬ ಕಟ್ಟಬೇಕು.

ಬಲಿಯ ಪ್ರಶ್ನೆಯಿದೆ. ಹೆಕಟೊಂಬೈಯನ್ ಎಂಬ ತಿಂಗಳ ಹೆಸರೇ ನೂರು ಹಸುಗಳ ಬಲಿಯನ್ನು ನೆನಪಿಸುತ್ತದೆ. ಇಂದಿನ ಹೆಚ್ಚಿನ ಗುಂಪುಗಳು ರಕ್ತಬಲಿ ಕೊಡುವುದಿಲ್ಲ. ಬಾರ್ಲಿ, ಹಣ್ಣು, ಜೇನು, ಧೂಪ, ದ್ರಾಕ್ಷಾರಸದ ಧಾರೆ ಸಾಕು. ದಿನದ ಪ್ರಶ್ನೆಯಿದೆ: ಚಂದ್ರನ ಲೆಕ್ಕ ಕಟ್ಟುನಿಟ್ಟಾಗಿ ಹಿಡಿಯುವವರಿದ್ದಾರೆ, ಕೆಲಸಕ್ಕೆ ರಜೆ ಸಿಗುವ ಭಾನುವಾರಕ್ಕೆ ಹೊಂದಿಸಿಕೊಳ್ಳುವವರೂ ಇದ್ದಾರೆ. ಹಳೆಯ ಅಥೆನ್ಸಿನ ಅಧಿಕಾರಿಗಳೇ ಅನುಕೂಲಕ್ಕೆ ತಕ್ಕಂತೆ ಪಂಚಾಂಗದ ದಿನಗಳನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಆದ್ದರಿಂದ ಈ ಹೊಂದಾಣಿಕೆಯನ್ನು ಅಪಚಾರವೆನ್ನುವುದು ಸರಿಯಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಬ್ಬ ಯಾರದು ಎಂಬ ಪ್ರಶ್ನೆ. ಗ್ರೀಸಿನಲ್ಲಿ ಇದು ಪೂರ್ವಜರ ಧರ್ಮ ಎಂಬ ಒತ್ತು ಜೋರಾಗಿದೆ. ಅಮೆರಿಕದಲ್ಲಿ 2001ರಲ್ಲಿ ಹುಟ್ಟಿದ ‘ಹೆಲೇನಿಯನ್’ನಂಥ ಸಂಘಟನೆಗಳಿಗೆ ಹುಟ್ಟು, ವಂಶ ಮುಖ್ಯವಲ್ಲ. ಉತ್ತರವನ್ನು ಹಬ್ಬದಲ್ಲಿಯೇ ಹುಡುಕಬಹುದು. ಜೇನುಹುಟ್ಟಿನ ತಟ್ಟೆ ಹೊತ್ತು ನಡೆದ ಪರ ಊರಿನವರು ಮತ ಹಾಕುವಂತಿರಲಿಲ್ಲ, ಭೂಮಿ ಕೊಳ್ಳುವಂತಿರಲಿಲ್ಲ. ಆದರೂ ಅವರಿಲ್ಲದೆ ಮೆರವಣಿಗೆ ಪೂರ್ಣವಾಗುತ್ತಿರಲಿಲ್ಲ. ಅವರನ್ನು ಕೆಳಗಿಟ್ಟದ್ದು ಹಳೆಯ ಅಥೆನ್ಸಿನ ದೋಷ. ಸೇರಿಸಿಕೊಂಡದ್ದು ಅದರ ಗುಣ. ಇಂದು ಹಬ್ಬ ಮಾಡುವವರು ಆ ಗುಣವನ್ನು ಹಿಗ್ಗಿಸಿ, ಆ ದೋಷವನ್ನು ಅಲ್ಲೇ ಬಿಟ್ಟುಬಿಡಬೇಕು.

ಇವೆಲ್ಲದರ ನಡುವೆ ಹಬ್ಬ ನಡೆಯುತ್ತಲೇ ಇದೆ, ಬಹುಪಾಲು ಮನೆಗಳಲ್ಲಿ. ಉರಿಯುವ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಆರಿಸಿ, ಆ ನೀರಿನಿಂದ ಕೈ ತೊಳೆಯುತ್ತಾರೆ. ಮೊದಲ ಅರ್ಪಣೆ ಒಲೆಯ ದೇವಿ ಹೆಸ್ಟಿಯಾಳಿಗೆ. ಅಥೇನಾ ತಂದೆಯ ತಲೆಯಿಂದ ಹುಟ್ಟಿಬಂದದ್ದನ್ನು ಹೇಳುವ ಹೋಮರೀಯ ಸ್ತೋತ್ರದ ಪಠಣ. ಆಲಿವ್ ರೆಂಬೆ, ಆಲಿವ್ ಎಣ್ಣೆ. ಕೆಲವರು ತಮ್ಮ ಮನೆಯ ಪುಟ್ಟ ಮೂರ್ತಿಗೆ ತಾವೇ ಬಟ್ಟೆ ನೇಯ್ದೋ ಹೊಲಿದೋ ಕಸೂತಿ ಹಾಕಿಯೋ ಉಡಿಸುತ್ತಾರೆ. ಅಂಗೈಯಗಲದ ಬಟ್ಟೆ. ಹಡಗಿನ ತೇರಿನ ಮುಂದೆ ಅದು ಏನೂ ಅಲ್ಲ ಎನಿಸಬಹುದು. ಆದರೆ ತಿಂಗಳುಗಟ್ಟಲೆ ಒಬ್ಬ ದೇವಿಗಾಗಿ ಕೈ ಕೆಲಸ ಮಾಡಿತಲ್ಲ, ಹಬ್ಬದ ತಿರುಳು ಅದೇ. ವೇಷ, ಪಂಜು, ಕ್ಯಾಮೆರಾಗಳ ಮೆರವಣಿಗೆಗಿಂತ ಈ ಪುಟ್ಟ ಬಟ್ಟೆ ಹಳೆಯ ಪನಥೇನಾಯಕ್ಕೆ ಹತ್ತಿರ. ಪ್ರೋಕ್ಲಸ್‌ಗೆ ಬಿದ್ದ ಕನಸು ಸುಳ್ಳಾಗಿಲ್ಲ.

ಮನೆಯಲ್ಲಿ ಮಾಡಿದ್ದು ಪೂಜೆಯಾಗುತ್ತದೆ, ಊರಹಬ್ಬವಾಗುವುದಿಲ್ಲ. ಊರಹಬ್ಬಕ್ಕೆ ಬೀದಿ ಬೇಕು. ಒಲಿಂಪಿಕ್ಸ್ ಬಂದಾಗಲೆಲ್ಲ ಒಲಿಂಪಿಯಾದಲ್ಲಿ ಹೇರಾ ದೇವಿಯ ಗುಡಿಯ ಅವಶೇಷದ ಮುಂದೆ ನಟಿಯೊಬ್ಬಳು ಅರ್ಚಕಿಯ ಉಡುಪಿನಲ್ಲಿ ಅಪೊಲೊನನ್ನು ಕರೆದು ಕನ್ನಡಿಯಿಂದ ಜ್ಯೋತಿ ಹೊತ್ತಿಸುತ್ತಾಳೆ. 1936ರಿಂದ ನಡೆದು ಬಂದ ಪದ್ಧತಿ. ಜಗತ್ತೆಲ್ಲ ಅದನ್ನು ನೋಡುತ್ತದೆ, ಸರ್ಕಾರ ಗೌರವದಿಂದ ನಡೆಸಿಕೊಡುತ್ತದೆ. ಅದೇ ಮಾತನ್ನು ನಂಬಿ ಹೇಳುವವರಿಗೆ ಅದೇ ಬಗೆಯ ಕಲ್ಲುಗಳ ಮುಂದೆ ಅನುಮತಿ ನಿರಾಕರಿಸುವುದು ನ್ಯಾಯವಲ್ಲ. ಪುರಾತತ್ತ್ವ ಅಧಿಕಾರಿಗಳ ಆತಂಕಕ್ಕೂ ಬೆಲೆಯಿದೆ: ಆಕ್ರೊಪೊಲಿಸ್‌ನ ಅಮೃತಶಿಲೆ ಹೊಗೆಗೂ ಎಣ್ಣೆಗೂ ನೂಕುನುಗ್ಗಲಿಗೂ ಹೇಳಿ ಮಾಡಿಸಿದ್ದಲ್ಲ. ಹಾಗಾದರೆ ಗುಡ್ಡ ಹತ್ತುವುದು ಬೇಡ. ವರ್ಷಕ್ಕೊಂದು ಸಂಜೆ, ಬೆಂಕಿಯಿಲ್ಲದೆ, ಕೆರಮೈಕೋಸ್‌ನಿಂದ ಗುಡ್ಡದ ಬುಡದವರೆಗೆ ಒಂದು ಬಟ್ಟೆಯನ್ನು ಹೊತ್ತು ನಡೆಯಲು ಗ್ರೀಸಿನ ಸಂಸ್ಕೃತಿ ಸಚಿವಾಲಯ ಅವಕಾಶ ಕೊಡಲಿ. ಆ ದಾರಿ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಅದರ ಹಳೆಯ ಕಲ್ಲುಹಾಸು ಅಗೋರಾದ ಮೇಲ್ಭಾಗದಲ್ಲಿ ಇಂದಿಗೂ ಕಾಣುತ್ತದೆ.